ಹುಳದ ಮೈಯಲ್ಲಿ ಬೆಳೆದ ಅಣಬೆ

ಹುತ್ತೂರಿನ ಹತ್ತಿರದ ಒಂದು ರೇಷ್ಮೆಹುಳ ಸಾಕೋ ಮನೆಗೆ ಅಣಬೆ ಪುಡಿ ಮಾರೋಕೆ ಹೋಗಿದ್ದೆ. ಅದನ್ನು ತಿಂದರೆ ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರಿಗೆ ನಿದ್ದೆ ಬರುತ್ತೆ, ಇದ್ದಕ್ಕಿದ್ದಂತೆ ಮೈ ಕಾದು ಬೆವರೋದು ತಗ್ಗುತ್ತೆ ಅಂತ ಕಂಪನಿಯವರು ಹೇಳಿಕೊಟ್ಟಿದ್ದರು. ನನಗೂ ಅದೇ ವಯಸ್ಸು.

ಒಳಗೆ ಹುಳ ಗೂಡು ಕಟ್ಟೋ ಹಂತದಲ್ಲಿತ್ತು. ಅಂಥ ಹೊತ್ತಲ್ಲಿ ಹುಳಕ್ಕೆ ರೋಗ ತಗಲೀತು ಅಂತ ಹೊರಗಿನವರನ್ನು ಯಾರೂ ಸೇರಿಸಲ್ಲ. ಮನೆಯೊಡತಿ ಮುನಿರತ್ನಮ್ಮ ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನು ನನ್ನಿಂದ ತುಳಿಸಿ, ಜಗಲಿ ಮೇಲೆ ಕೂರಿಸಿದರು. ಪುಡಿಯ ಡಬ್ಬಿ ಮುಂದಿಟ್ಟರೆ ಮುಟ್ಟಲಿಲ್ಲ.

"ಇದು ಎಲ್ಲಿ ಬೆಳೆಯುತ್ತೆ?"

ಕಲಿತದ್ದನ್ನು ಹೆಮ್ಮೆಯಿಂದ ಒಪ್ಪಿಸಿದೆ. "ಬೆಟ್ಟದ ಮೇಲೆ ಅಕ್ಕಾ. ಹುಳದ ಮೈಯೊಳಗೆ ಹುಟ್ಟಿ, ತಲೆ ಸೀಳಿಕೊಂಡು ಮೇಲೆ ಬರುತ್ತೆ."

ಅವರು ಎದ್ದೇಬಿಟ್ಟರು. "ಹುಳಕ್ಕೆ ಬೂಷ್ಟು ಹತ್ತಿದ್ರೆ ಸುಣ್ಣದ ಥರ ಬೆಳ್ಳಗೆ ಗಟ್ಟಿಯಾಗಿ ಸಾಯುತ್ತೆ, ಇಡೀ ಬೆಳೆನೇ ಹೋಗುತ್ತೆ. ಅಂಥದ್ದನ್ನ ಮನೆಗೆ ತಂದಿದ್ದೀಯಲ್ಲಮ್ಮ. ಮೊದಲು ಅಂಗಳ ದಾಟು."

ಡಬ್ಬಿ ಎತ್ತಿಕೊಂಡು ದಾಟಿದೆ. ಡಬ್ಬಿ ಇಟ್ಟಿದ್ದ ಜಾಗಕ್ಕೆ ಸುಣ್ಣ ಚೆಲ್ಲಿ, ಅಲ್ಲಿಂದಲೇ ಕೇಳಿದರು: "ನೀನು ತಿಂತೀಯಾ ಇದನ್ನ?"

"ದಿನಾ ತಿಂತೀನಿ," ಅಂದೆ, ಕತ್ತಿನ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ.

ಅವರು ನನ್ನ ಸೆರಗನ್ನೇ ನೋಡುತ್ತಾ, ಹೊದ್ದಿದ್ದ ಶಾಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡರು. ಮಾಗಿ ಚಳಿಯ ಬೆಳಗು ಅದು.