ಅಕಿಹಬಾರದಲ್ಲಿ ಗಾರ್ಡ್ ಮಾವ

ನಮ್ಮ ಮನೆಯ ಗ್ಯಾರೇಜಿನೊಳಕ್ಕೆ ಕಾರು ಬಾರದೆ ಮೂರು ವರ್ಷ ಎರಡು ತಿಂಗಳಾಯಿತು. ಇದನ್ನು ದೂರು ಎಂದು ತಿಳಿಯಬೇಡಿ. ಅಮೆರಿಕದ ಈ ಸ್ಯಾನ್ ಹೊಸೆಯಲ್ಲಿ ಗ್ಯಾರೇಜಿನೊಳಗೆ ಕಾರು ನಿಲ್ಲಿಸುವವರು ಎಷ್ಟು ಜನ ಎಂದು ಒಂದು ಶನಿವಾರ ಸಂಜೆ ವಾಕಿಂಗ್ ಹೋದಾಗ ಎಣಿಸಿದ್ದೇನೆ: ನಮ್ಮ ಬೀದಿಯ ಇಪ್ಪತ್ತಾರು ಮನೆಗಳಲ್ಲಿ ನಾಲ್ಕು. ಉಳಿದವರ ಗ್ಯಾರೇಜುಗಳಲ್ಲಿ ಹಳೆಯ ಸೋಫಾ, ಬಟ್ಟೆ ಒಣಗಿಸಲು ಮಾತ್ರ ಬಳಕೆಯಾಗುವ ಟ್ರೆಡ್‌ಮಿಲ್ಲು, ಸೋನಾ ಮಸೂರಿ ಚೀಲಗಳು ಇರುತ್ತವೆ. ನಮ್ಮದರಲ್ಲಿ ಒಂದು ರೈಲ್ವೆ ಇದೆ.

ರೈಲ್ವೆ ನಮ್ಮ ಮಾವನವರದು. ಮೂವತ್ತನಾಲ್ಕು ವರ್ಷ ಮೈಸೂರು ಕಡೆಯ ರೈಲುಗಳಲ್ಲಿ ಗಾರ್ಡ್ ಆಗಿದ್ದವರು. ಅಂದರೆ ಮೂವತ್ತನಾಲ್ಕು ವರ್ಷ ಕೊನೆಯ ಡಬ್ಬಿಯಲ್ಲೇ ನಿಂತು ಲೋಕವನ್ನು ಹಿಂದಕ್ಕೆ ಹೋಗುವಂತೆ ನೋಡಿದವರು. ಈಗ ಎರಡು ಪ್ಲೈವುಡ್ ಹಲಗೆಗಳ ಮೇಲೆ, ನಡುವೆ ಒಂಬತ್ತು ಮಿಲಿಮೀಟರ್ ಅಂತರವಿರುವ ಪುಟ್ಟ ಹಳಿಗಳನ್ನು ಹಾಸಿ, ರೈಲನ್ನು ಮುಂದಿನಿಂದಲೂ ನೋಡುವ ಸುಖ ಪಡೆದಿದ್ದಾರೆ. ಒಂದು ಸ್ಟೇಷನ್ನಿಗೆ ತಾವೇ ಕೂದಲೆಳೆಯ ಬ್ರಷ್ಷಿನಲ್ಲಿ ‘ಅರಸೀಕೆರೆ’ ಎಂದು ಬರೆದಿದ್ದಾರೆ. ಅದರ ಹಿಂದಿನ ಗುಡ್ಡ ನಮ್ಮ ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಯದು. ಗುಡ್ಡದ ಒಂದು ಇಳುಕಲಿನಲ್ಲಿ ‘ಈ ಬದಿ ಮೇಲೆ’ ಎನ್ನುವ ಬಾಣದ ಗುರುತು ಈಗಲೂ ಕಾಣುತ್ತದೆ.

ನಾನು ಡೈರಿ ಬರೆಯುವವಳು. ಬರೀ ಬರೆಯುವುದಲ್ಲ, ಲೆಕ್ಕ ಇಡುತ್ತೇನೆ: ಎಷ್ಟು ಹೆಜ್ಜೆ, ಎಷ್ಟು ದೋಸೆ, ಫ್ರೀವೇಯಲ್ಲಿ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಮೀಟಿಂಗು, ಅವುಗಳಲ್ಲಿ ನಾನು ಬಾಯಿ ತೆರೆದದ್ದು ಎಷ್ಟು. ನನ್ನ ಗಂಡ ಪ್ರಸನ್ನ ಇದನ್ನು ಕಾಯಿಲೆ ಎನ್ನುತ್ತಾನೆ. ಈ ಮನೆಯಲ್ಲಿ ಇದಕ್ಕೆ ಮರ್ಯಾದೆ ಕೊಟ್ಟವರು ಮಾವ ಒಬ್ಬರೇ. ಗಾರ್ಡ್ ಆದವನು ಪ್ರತಿ ಸ್ಟೇಷನ್ನಿಗೆ ರೈಲು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಬಿಟ್ಟಿತು, ತಡವಾದರೆ ಯಾಕೆ ಎಂದು ಜರ್ನಲ್ಲಿನಲ್ಲಿ ಬರೆಯಲೇಬೇಕಂತೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಡೈರಿಯ ಒಂದು ಪುಟ ನೋಡಿ ಅವರು, ಎಲ್ಲ ಸರಿ, ತಡವಾದದ್ದಕ್ಕೆ ಕಾರಣದ ಕಾಲಂ ಇಲ್ಲವಲ್ಲ ಎಂದಿದ್ದರು. ಆ ಮಾತು ಅಂದು ನನಗೆ ತಮಾಷೆಯಾಗಿ ಕೇಳಿಸಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮಾವ ಗ್ಯಾರೇಜಿನಲ್ಲಿ ರೈಲು ಬಿಡುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಹೋಗಿ ಎಷ್ಟು ಡಬ್ಬಿಯ ರೈಲು ಎಂದು ಬರೆದುಕೊಳ್ಳುತ್ತಿದ್ದೆ. ಹದಿನಾಲ್ಕು. ಕೆಲವು ತಿಂಗಳ ಮೇಲೆ ಹನ್ನೊಂದು. ಆಮೇಲೆ ಎಂಟು, ಮೂರು. ಆಮೇಲೆ ‘ಇಂದು ರೈಲು ಓಡಲಿಲ್ಲ’ ಎಂಬ ಸಾಲು, ಸತತವಾಗಿ ಏಳು ಭಾನುವಾರ. ಕೇಳಿದರೆ ಬೇಜಾರಾಯಿತು, ಸಾಕು ಎನ್ನುತ್ತಿದ್ದರು. ಒಮ್ಮೆ ನಾನೇ ಉತ್ಸಾಹದಿಂದ ಡಬ್ಬಿಗಳನ್ನು ಹಳಿಯ ಮೇಲೆ ಜೋಡಿಸತೊಡಗಿದಾಗ ಅವರು ಕರಿಬೇವಿನ ಗಿಡಕ್ಕೆ ನೀರು ಹಾಕಬೇಕೆಂದು ಎದ್ದುಹೋದರು. ಅದಕ್ಕೆ ಬೆಳಿಗ್ಗೆಯೇ ನೀರು ಹಾಕಿಯಾಗಿತ್ತು.

ಇಳಿಯುವ ಅಂಕಿಗಳನ್ನು ನೋಡಿದರೆ ನನ್ನಂಥವಳಿಗೆ ಸುಮ್ಮನಿರಲಾಗುವುದಿಲ್ಲ. ಕುಳಿತು ಯೋಚಿಸಿ ತೀರ್ಮಾನ ಮಾಡಿದೆ: ಇದ್ದದ್ದನ್ನೇ ಓಡಿಸಿ ಮಾವನಿಗೆ ಬೇಸರ ಬಂದಿದೆ, ಹೊಸತು ಬೇಕು. ಅದೇ ಹೊತ್ತಿಗೆ ಪ್ರಸನ್ನನಿಗೆ ಟೋಕಿಯೊದಲ್ಲಿ ಒಂದು ವಾರ ಆಫೀಸಿನ ಕೆಲಸ ಬಂತು. ಅವನ ಜೊತೆ ಹೋಗಿ, ಆಟಿಕೆ, ಚಿತ್ರಕಥೆ, ಪುಟ್ಟ ರೈಲುಗಳಿಗೆಲ್ಲ ರಾಜಧಾನಿಯಾದ ಅಲ್ಲಿನ ಅಕಿಹಬಾರ ಬಡಾವಣೆಯನ್ನು ಮಾವನಿಗೆ ತೋರಿಸುವುದೆಂದು ನಿಶ್ಚಯಿಸಿದೆ. ಅಂಗಡಿ, ಮಹಡಿ, ತೆರೆಯುವ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಹಾಕಿದೆ. ನಮ್ಮವರಲ್ಲಿ ಯಾರಾದರೂ ವಿಮಾನ ಹತ್ತುತ್ತಾರೆಂದರೆ ಉಳಿದವರು ಪಟ್ಟಿ ಕೊಡುವುದು ವಾಡಿಕೆಯಲ್ಲವೇ? ಪಕ್ಕದ ಊರು ಸನ್ನಿವೇಲಿನಲ್ಲಿ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ ವಿಷಯ ಬಾಯಿ ಬಿಟ್ಟೆ, ಹಾಳೆಗೆ ಹತ್ತೊಂಬತ್ತು ಸಾಲು ಸೇರಿದವು. ಕೊನೆಯ ಸಾಲು ಗೆಳತಿಯ ಆರು ವರ್ಷದ ಮಗಳದು. ನಾನು ಕನ್ನಡದಲ್ಲಿ ಎಷ್ಟು ಕೇಳಿದರೂ ಅವಳ ಉತ್ತರ ಒಂದೇ: “ಆಂಟಿ, ಜಸ್ಟ್ ದ ಕ್ಯಾಟ್ ಒನ್.” ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಅಕಿಹಬಾರದಲ್ಲಿ ಬೆಕ್ಕಿಲ್ಲದ ವಸ್ತು ಹುಡುಕುವುದೇ ಕಷ್ಟ.

ಅಕಿಹಬಾರ ಎಂಬ ಹೆಸರಿನ ಹಿಂದೆ ಒಬ್ಬ ದೇವರಿದ್ದಾನೆ, ಬೆಂಕಿಯಿಂದ ಕಾಪಾಡುವ ದೇವರು. ಹಿಂದೊಮ್ಮೆ ಆ ಭಾಗವೆಲ್ಲ ಸುಟ್ಟುಹೋದಾಗ ಖಾಲಿಯಾದ ಬಯಲಿನಲ್ಲಿ ಅವನಿಗೊಂದು ಗುಡಿ ಕಟ್ಟಿದರಂತೆ. ಗುಡಿ ಬೇರೆಡೆಗೆ ಹೋಯಿತು, ಹೆಸರು ಉಳಿಯಿತು. ಯುದ್ಧ ಮುಗಿದ ಮೇಲೆ ರೈಲು ಸೇತುವೆಯ ಕೆಳಗೆ ರೇಡಿಯೊ ಬಿಡಿಭಾಗ ಮಾರುವವರು ಬಂದು ಕುಳಿತರು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೆನೆದುಕೊಳ್ಳಿ, ಅದೇ ಕುಲ. ಆಮೇಲೆ ಫ್ರಿಜ್ಜು ಟೀವಿಗಳು, ಕಂಪ್ಯೂಟರು, ಕೊನೆಗೆ ಗೊಂಬೆಗಳು. ದೊಡ್ಡವರು ನಾಚಿಕೆಯಿಲ್ಲದೆ ಆಟವಾಡುವುದಕ್ಕೆ ಒಂದು ಊರು ಇಡೀ ಬಡಾವಣೆಯನ್ನೇ ಬಿಟ್ಟುಕೊಟ್ಟಿದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ. ಟೈ ಕಟ್ಟಿದ ಗಂಡಸೊಬ್ಬ ಬೊಂಬೆಯ ಅಂಗೈಯಗಲದ ಛತ್ರಿಗಳಲ್ಲಿ ಯಾವುದನ್ನು ಆರಿಸಲೆಂದು ಹನ್ನೆರಡು ನಿಮಿಷ ನಿಂತದ್ದನ್ನು ಗಡಿಯಾರ ಹಿಡಿದು ನೋಡಿದೆ. ಯಾರೂ ನಗಲಿಲ್ಲ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪುಟ್ಟ ಬೊಂಬೆಯಿರುವ ಉಂಡೆ ಉದುರುವ ಯಂತ್ರಗಳನ್ನು ಒಂದೇ ಕಟ್ಟಡದಲ್ಲಿ ಮುನ್ನೂರ ಎಂಬತ್ತರವರೆಗೆ ಎಣಿಸಿ, ಕುತ್ತಿಗೆ ನೋವು ಬಂದು ಬಿಟ್ಟೆ.

ನನ್ನ ಹಾಳೆ ಮೊದಲ ದಿನವೇ ಹಳಿ ತಪ್ಪಿತು. ಮಾವ ಅಂಗಡಿಗೆ ಬರಲೊಲ್ಲರು, ಸ್ಟೇಷನ್ ಬಿಟ್ಟು ಕದಲಲೊಲ್ಲರು. ಜಪಾನಿನ ರೈಲ್ವೆಯವರು ಸಿಗ್ನಲ್ಲಿನ ಕಡೆಗೆ ಬೆರಳು ಚಾಚಿ ಅದು ಏನು ತೋರಿಸುತ್ತಿದೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಪಕ್ಕದಲ್ಲಿ ಕೇಳುವವರು ಇಲ್ಲದಿದ್ದರೂ ಹೇಳುತ್ತಾರೆ. ಕಣ್ಣು ತಪ್ಪಿದ್ದನ್ನು ಬಾಯಿ ಹಿಡಿಯಲಿ ಎಂದು. ಅದನ್ನು ನೋಡುತ್ತ ಮಾವ ಪ್ಲಾಟ್‌ಫಾರಮ್ಮಿನಲ್ಲಿ ಒಂದೂಕಾಲು ಗಂಟೆ ನಿಂತರು. ಎರಡನೆಯ ದಿನ ನಾನು ಒತ್ತಾಯ ಮಾಡಿ ನಾಲ್ಕು ಅಂಗಡಿ ಹತ್ತಿಸಿ ಇಳಿಸಿದೆ. ಗೋಡೆ ತುಂಬ ಗಾಜಿನ ಕಪಾಟುಗಳು, ಒಳಗೆ ಬೆರಳುದ್ದದ ಡಬ್ಬಿಗಳು, ಅವುಗಳ ಕಿಟಕಿಗೆ ಪರದೆ ಕೂಡ. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿದರು. ಏನನ್ನೂ ಮುಟ್ಟಲಿಲ್ಲ, ಕೊಳ್ಳಲಿಲ್ಲ. ದೇವಸ್ಥಾನದಲ್ಲಿ ನಿಂತಂತೆ ನಿಂತಿದ್ದರು. ಭಕ್ತಿ ಇರಬೇಕೆಂದು ನಾನು ಬರೆದುಕೊಂಡೆ.

ಮೂರನೆಯ ದಿನಕ್ಕೆ ನನ್ನದೊಂದು ಗುಟ್ಟಿನ ಏರ್ಪಾಡಿತ್ತು. ಒಂದು ಅಂಗಡಿಯ ಆರನೆಯ ಮಹಡಿಯಲ್ಲಿ ದೊಡ್ಡ ಮೇಜಿನ ತುಂಬ ಊರು, ಹೊಳೆ, ಸುರಂಗ ಎಲ್ಲ ಕಟ್ಟಿ ಎಂಟು ಸಾಲು ಹಳಿ ಹಾಸಿದ್ದಾರೆ. ಒಂದು ಹಳಿಯನ್ನು ಅರ್ಧ ಗಂಟೆಗೆ ಬಾಡಿಗೆ ಹಿಡಿಯಬಹುದು, ರೈಲನ್ನೂ ಅಲ್ಲೇ ಕೊಡುತ್ತಾರೆ. ಹಿಂದಿನ ಸಂಜೆಯೇ ಹೆಸರು ಬರೆಸಿದ್ದೆ. ಮಾವನಿಗೆ ಹೇಳಿರಲಿಲ್ಲ. ಕೌಂಟರಿನ ಹುಡುಗಿ ಆರು ಡಬ್ಬಿಗಳಿದ್ದ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ತಂದು ಮಾವನ ಮುಂದಿಟ್ಟು ಬಾಗಿ ನಮಸ್ಕರಿಸಿದಳು. ಅವರು ನನ್ನ ಮುಖ ನೋಡಿದರು. ಬೆನ್ನ ಹಿಂದಿನ ಕೈಗಳು ಮುಂದೆ ಬರಲೇಬೇಕಾಯಿತು.

ಮೊದಲ ಡಬ್ಬಿಯನ್ನು ಹಳಿಯ ಮೇಲೆ ಇಟ್ಟರು. ಮುಂದಿನ ಚಕ್ರಗಳು ಕೂತವು, ಹಿಂದಿನವು ಜಾರಿದವು. ಹಿಂದಿನದನ್ನು ಸರಿಮಾಡುವಾಗ ಮುಂದಿನವು ಎದ್ದವು. ಅಭ್ಯಾಸಬಲದಿಂದ ಎಣಿಸುತ್ತಿದ್ದೆ, ಐದು ಸಲದವರೆಗೆ. ಐದನೆಯ ಸಲ ಡಬ್ಬಿಯಲ್ಲ, ಹಿಡಿದ ಬೆರಳುಗಳು ಕಣ್ಣಿಗೆ ಬಿದ್ದವು. ನಡುಗುತ್ತಿದ್ದವು. ಎಣಿಕೆ ಅಲ್ಲಿಗೆ ನಿಂತಿತು. ಹದಿನಾಲ್ಕು, ಹನ್ನೊಂದು, ಎಂಟು, ಮೂರು, ಎಲ್ಲ ಒಟ್ಟಿಗೆ ಅರ್ಥವಾದವು. ಬೇಜಾರು ರೈಲಿನ ಮೇಲಲ್ಲ. ಅವರು ಇಷ್ಟು ದಿನ ಮುಚ್ಚಿಟ್ಟುಕೊಂಡು ಬಂದದ್ದನ್ನು ನಾನು ಸಮುದ್ರ ದಾಟಿಸಿ, ಏಳು ಜನ ಅಪರಿಚಿತರ ನಡುವೆ ದೀಪದ ಕೆಳಗೆ ತಂದು ನಿಲ್ಲಿಸಿದ್ದೆ. ಕೈ ಚಾಚಿದೆ. ಮಾವ ತಲೆಯೆತ್ತದೆ, “ಬಿಡಮ್ಮ,” ಎಂದರು.

ಪಕ್ಕದ ಹಳಿಯಲ್ಲಿ ಬೂದು ಸ್ವೆಟರಿನ ಮುದುಕರೊಬ್ಬರು ಸರಕಿನ ರೈಲು ಓಡಿಸುತ್ತಿದ್ದರು. ಅವರು ತಮ್ಮ ರೈಲು ನಿಲ್ಲಿಸಿದರು. ನಮ್ಮ ಕಡೆ ತಿರುಗಲಿಲ್ಲ. ಚೀಲದಿಂದ ಗೇಣುದ್ದದ ಪ್ಲಾಸ್ಟಿಕ್ಕಿನ ಒಂದು ಇಳಿಜಾರು ತೆಗೆದು, ಅದರ ತುದಿಯನ್ನು ತಮ್ಮ ಹಳಿಯ ಮೇಲೆ ಕೂರಿಸಿ, ಚೆನ್ನಾಗಿಯೇ ನಿಂತಿದ್ದ ತಮ್ಮ ಡಬ್ಬಿಯೊಂದನ್ನು ಎತ್ತಿ ಅದರ ಮೇಲಿಟ್ಟು ನಿಧಾನವಾಗಿ ಜಾರಿಬಿಟ್ಟರು. ಚಕ್ರಗಳು ಟಕ್ ಟಕ್ ಎಂದು ತಾವೇ ಹಳಿ ಸೇರಿದವು. ಇನ್ನೊಂದು ಡಬ್ಬಿ ಎತ್ತಿ ಅದನ್ನೂ ಹಾಗೆಯೇ ಬಿಟ್ಟರು. ಆಮೇಲೆ ಆ ಇಳಿಜಾರನ್ನು ಅವರ ಹಳಿಗೂ ನಮ್ಮ ಹಳಿಗೂ ನಡುವಿನ ಅಂಚಿನಲ್ಲಿ, ಮರೆತವರಂತೆ ಇಟ್ಟು, ತಮ್ಮ ರೈಲಿನ ಕಡೆ ನೋಡತೊಡಗಿದರು. ಅವರ ಕೈ ನಡುಗುತ್ತಿತ್ತೋ ಇಲ್ಲವೋ ನಾನು ನೋಡಲಿಲ್ಲ. ನೋಡಬಾರದೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ.

ಮಾವ ಸ್ವಲ್ಪ ಹೊತ್ತು ಅದನ್ನೇ ನೋಡಿ ಎತ್ತಿಕೊಂಡರು. ಒಂದೊಂದಾಗಿ ಆರು ಡಬ್ಬಿಗಳೂ ಹಳಿಗಿಳಿದವು. ರೈಲು ಹೊರಟಿತು, ಸುರಂಗ ಹೊಕ್ಕಿತು, ಹೊಳೆ ದಾಟಿತು. ಕೊನೆಯ ಡಬ್ಬಿ ಸ್ಟೇಷನ್ ಬಿಡುವಾಗ ಮಾವನ ಬಲಗೈ ತಾನಾಗಿ ಮೇಲೆದ್ದು, ಇಲ್ಲದ ಹಸಿರು ಬಾವುಟವನ್ನು ಅತ್ತಿತ್ತ ಬೀಸಿತು. ಆಗ ಆ ಮುದುಕರು ಮೊದಲ ಬಾರಿಗೆ ತಿರುಗಿ ನೋಡಿ, ಪುಟ್ಟ ಸಿಗ್ನಲ್ಲಿನತ್ತ ಬೆರಳು ಚಾಚಿ ಏನೋ ಒಂದು ಮಾತು ಗಟ್ಟಿಯಾಗಿ ಹೇಳಿದರು. ನನಗೆ ಜಪಾನಿ ಬಾರದು. ಮಾವನಿಗೂ ಬಾರದು. ಆದರೆ ಮಾವ “ಆಲ್ ರೈಟ್” ಎಂದರು, ಡ್ಯೂಟಿಯಲ್ಲಿದ್ದವರ ದನಿಯಲ್ಲಿ.

ಅರ್ಧ ಗಂಟೆ ಮುಗಿದ ಮೇಲೆ ಮೆಟ್ಟಿಲ ಬಳಿಯ ಬೆಂಚಿನಲ್ಲಿ ಕುಳಿತೆವು. ಮಾವ ಬಿಸಿ ಕಾಫಿಯ ಡಬ್ಬವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಿದ್ದರು.

“ಕೈ ನಡುಗುತ್ತೆ ಕಣಮ್ಮ. ಅದಕ್ಕೇ ಬಿಟ್ಟಿದ್ದು.”

“ಮೊದ್ಲೇ ಹೇಳ್ಬಾರ್ದಿತ್ತಾ ಮಾವ?”

“ಹೇಳಿದ್ರೆ ನೀನು ಬರ್ಕೊಂಡ್ಬಿಡ್ತಿದ್ದೆ.”

ನಿಜ, ಬರೆದುಕೊಳ್ಳುತ್ತಿದ್ದೆ. ವಾರಕ್ಕೆ ಎಷ್ಟು ಸಲ, ಯಾವ ಕೈ, ಎಷ್ಟು ಹೊತ್ತು. ಮನೆಗೆ ಮರಳಿದ ಮೇಲೆ ಡಾಕ್ಟರಿಗೂ ತೋರಿಸಿದೆವು. ವಯಸ್ಸಿನದು, ಹೆದರಬೇಕಾದದ್ದಲ್ಲ ಎಂದರು. ಆದರೆ ಆ ಬೆಂಚಿನಲ್ಲಿ ನನಗೆ ಹೊಳೆದದ್ದು ಬೇರೆ. ನನ್ನ ಸಹಾಯವೆಂದರೆ ಕೈ ಚಾಚಿ ಅವರ ಕೈಯಲ್ಲಿದ್ದದ್ದನ್ನು ತೆಗೆದುಕೊಳ್ಳುವುದು. ಆ ಮುದುಕರ ಸಹಾಯವೆಂದರೆ ತಮಗೇ ಬೇಕಾಗಿತ್ತು ಎಂಬಂತೆ ನಟಿಸುವುದು. ಮಾವನ ಬೇಸರವನ್ನು ಓಡಿಸಲು ಇಡೀ ಅಕಿಹಬಾರ ಬೇಕೆಂದು ಹೊರಟಿದ್ದೆ. ಬೇಕಾಗಿದ್ದದ್ದು ಗೇಣುದ್ದದ ಪ್ಲಾಸ್ಟಿಕ್ಕು, ಅದನ್ನು ಮುಖ ನೋಡದೆ ಇಡಬಲ್ಲ ಒಬ್ಬ ಮನುಷ್ಯ. ಅವರಿಗೆ ಕೃತಜ್ಞತೆ ಹೇಳಲು ಮತ್ತೆ ಮೇಲೆ ಹೋದೆ. ಅವರು ಯಾವುದಕ್ಕೆ ಎಂದು ಅರ್ಥವಾಗದವರಂತೆ ತಲೆಯಾಡಿಸಿ ಸರಕಿನ ರೈಲಿಗೆ ಇನ್ನೊಂದು ಡಬ್ಬಿ ಸೇರಿಸಿದರು. ಅದೂ ನಟನೆಯೇ ಇರಬೇಕು.

ಆ ಇಳಿಜಾರು ಅದೇ ಅಂಗಡಿಯ ಕೆಳಗಿನ ಮಹಡಿಯಲ್ಲಿ, ಹಳಿಗಳ ಪಕ್ಕದಲ್ಲೇ ತೂಗಾಡುತ್ತಿತ್ತು. ಹಿಂದಿನ ದಿನ ನಾವು ಅದರ ಮುಂದೆಯೇ ಹಾದುಹೋಗಿದ್ದೆವು. ನನ್ನ ಹಾಳೆಯಲ್ಲಿ ಅದಕ್ಕೆ ಸಾಲೇ ಇರಲಿಲ್ಲ. ಮಾವ ಎರಡು ಪ್ಯಾಕೆಟ್ ತೆಗೆದುಕೊಂಡರು. ಒಂದು ಸಾಕಲ್ಲವೇ ಎಂದೆ.

“ಒಂದು ನಂಗೆ. ಇನ್ನೊಂದು ನಿಂಗೆ.”

“ನಂಗ್ಯಾಕೆ ಮಾವ?”

“ಈಗಲ್ಲ. ಇನ್ನೊಂದು ಮೂವತ್ತು ವರ್ಷ ಹೋಗ್ಲಿ. ಆಗ ಇದು ಸಿಗುತ್ತೋ ಇಲ್ವೋ.”

ಗ್ಯಾರೇಜಿನಲ್ಲಿ ಈಗ ಭಾನುವಾರಗಳು ಹಿಂದಿನಂತಾಗಿವೆ. ಡಬ್ಬಿಗಳು ಇಳಿಜಾರಿನಿಂದ ಒಂದೊಂದಾಗಿ ಇಳಿಯುವುದರಿಂದ ರೈಲು ಹೊರಡುವುದು ತಡ. ತಡಕ್ಕೆ ಕಾರಣವನ್ನು ನಾನು ಬರೆಯುವುದಿಲ್ಲ. ಈ ಕತೆಯನ್ನು ಬರೆಯಲು ಮಾತ್ರ ಮಾವನನ್ನು ಕೇಳಿಯೇ ಕುಳಿತೆ. ಬರಿ, ಆದರೆ ಆ ಜಪಾನಿನವರನ್ನು ಚೆನ್ನಾಗಿ ಬರಿ ಎಂದರು.

ನನ್ನ ಪಾಲಿನ ಪ್ಯಾಕೆಟ್ಟನ್ನು ಇನ್ನೂ ಒಡೆದಿಲ್ಲ. ಜೋಪಾನವಾಗಿ ಎತ್ತಿಟ್ಟಿದ್ದೇನೆ, ಎಲ್ಲಿಟ್ಟಿದ್ದೇನೆ ಎಂಬುದನ್ನು ಬರೆದೂ ಇಟ್ಟಿದ್ದೇನೆ. ಅದು ಬೇಕಾಗುವ ವಯಸ್ಸಿಗೆ ಮರೆವೂ ಬಂದಿರುತ್ತದಲ್ಲ.