ನಾಲ್ಕು ದಾರಿಯ ಮೂಲೆಯಲ್ಲೊಂದು ಕುರ್ಚಿ

ಮೂವತ್ತೊಂದು ವರ್ಷ ಜನ ನನ್ನನ್ನು ಕಂಟ್ರೋಲರ್ ಎಂದು ಕರೆದರು. ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ, ಕೊನೆಗೆ ನಮ್ಮೂರು ಸವಣೂರು, ಹೀಗೆ ನಾಲ್ಕು ಬಸ್ ನಿಲ್ದಾಣಗಳಲ್ಲಿ ಕಿಟಕಿಯ ಹಿಂದೆ ಕೂತು, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆದುಕೊಂಡು, ಮೈಕಿನಲ್ಲಿ ಸಾರಿದವನು ನಾನು. ಅಷ್ಟು ವರ್ಷಗಳಲ್ಲಿ ನಾನು ಕಂಟ್ರೋಲ್ ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರಕ್ಕೆ ತಡಕಾಡಬೇಕಾಗುತ್ತದೆ. ಬಸ್ಸು ತನಗೆ ಬೇಕಾದಾಗ ಬರುತ್ತಿತ್ತು, ಬೇಕಾದಾಗ ಹೊರಡುತ್ತಿತ್ತು. ಬಂದು ನಿಂತ ಬಸ್ಸನ್ನು ‘ಬರಲಿದೆ’ ಎಂದೂ, ಗೇಟು ದಾಟಿದ ಬಸ್ಸನ್ನು ‘ಹೊರಡಲಿದೆ’ ಎಂದೂ ನಾನು ಗಂಭೀರವಾಗಿ ಹೇಳುತ್ತಿದ್ದೆ.

ಹೀಗಿರುವಾಗ ನಮ್ಮ ವಾರ್ಡಿನ ಪುರಸಭೆ ಸದಸ್ಯೆ ಒಂದು ಮುಂಜಾನೆ ಮನೆಗೆ ಬಂದು, ನಮ್ಮ ಓಣಿಯ ತುದಿಯ ನಾಲ್ಕು ದಾರಿಗೆ ‘ನಿಲ್ಲಿ’ ಎಂಬ ಬೋರ್ಡು ಬೇಕೋ ಬೇಡವೋ ನೋಡಿ ಹೇಳಬೇಕೆಂದು ಕೇಳಿದಾಗ ನನಗಾದ ಹಿಗ್ಗನ್ನು ಮುಚ್ಚಿಡುವುದಿಲ್ಲ. “ನೀವು ಕಂಟ್ರೋಲರ್ ಇದ್ದವರು. ಮೂರು ದಿನ ಕುಂತು ನೋಡ್ರಿ. ನೀವು ಬರದ ಕೊಟ್ಟದ್ದನ್ನ ಇಂಜಿನಿಯರ್‍ಗೆ ಕೊಡ್ತೇನಿ” ಎಂದರು. ಅವರು ಹೋದ ಮೇಲೆ ನನ್ನ ಹೆಂಡತಿ ಚಹಾದ ಬಟ್ಟಲು ಎತ್ತುತ್ತ, “ನೌಕರ್‍ಯಾಗ ಇದ್ದಾಗ ಒಂದು ಬಸ್ ನಿಲ್ಲಸಲಿಲ್ಲ. ಈಗ ಸೈಕಲ್ ನಿಲ್ಲಸ್ತೀರೇನ್ರಿ?” ಎಂದಳು. ನಾನು ಕೇಳಿಸದವನಂತೆ ಹಳೆಯ ನೋಟುಬುಕ್ಕು ಹುಡುಕಲು ಹೋದೆ.

ಆ ನಾಲ್ಕು ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಎಲೆಬಳ್ಳಿಯ ತೋಟಗಳ ಕಡೆಯಿಂದ ಬರುತ್ತದೆ, ಒಂದು ಮಠದ ಕಡೆಯಿಂದ, ಒಂದು ಹಳೇ ಮಸೀದಿಯ ಕಡೆಯಿಂದ, ಇನ್ನೊಂದು ಬಸ್ ನಿಲ್ದಾಣದ ಕಡೆಯಿಂದ. ಮೊದಲ ಮೂರು ದಾರಿಗಳಲ್ಲಿ ಬರುವವರಿಗೆ ಅವಸರವಿರುವುದಿಲ್ಲ. ನಾಲ್ಕನೆಯದರಲ್ಲಿ ಬರುವವರಿಗೆ ಅವಸರದ ಹೊರತು ಬೇರೇನೂ ಇರುವುದಿಲ್ಲ. ಮೂಲೆಯಲ್ಲಿ ದಾದಾಪೀರನ ಖಾರದ ಅಂಗಡಿ. ಅವನ ಕಡಾಯಿಯ ಮೇಲಿನ ತಗಡಿನ ಚಪ್ಪರ ರಸ್ತೆಗೆ ಮೂಗು ಚಾಚಿಕೊಂಡಿರುವುದರಿಂದ, ತೋಟದ ಕಡೆಯವರಿಗೆ ನಿಲ್ದಾಣದ ಕಡೆಯವರು ಕಾಣುವುದು ಎದುರೆದುರಾದ ಮೇಲೆಯೇ. ಚಕ್ಕಡಿಯ ಕಾಲದಲ್ಲಿ ಇದೊಂದು ತೊಂದರೆಯೇ ಆಗಿರಲಿಲ್ಲ. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತು ಕಣ್ಣುಬಿಟ್ಟುಕೊಂಡೇ ಇರುತ್ತಿತ್ತು. ಮೋಟರ್ ಸೈಕಲ್ಲಿಗೆ ಆ ಅಭ್ಯಾಸವಿಲ್ಲ.

ಬೋರ್ಡು ಬೇಕೆಂದು ಪುರಸಭೆಗೆ ಅರ್ಜಿ ಕೊಟ್ಟವರು ಜೈತುನಬಿ. ತೋಟದಲ್ಲಿ ಎಲೆ ಕೊಯ್ದು, ಕಟ್ಟು ಕಟ್ಟಿ, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ದಿನಾ ಮುಂಜಾನೆ ಪ್ಯಾಟಿಗೆ ಒಮ್ಮೆ, ಸಂಜೆ ಇನ್ನೊಮ್ಮೆ ಈ ದಾರಿ ದಾಟುವವರು. ಎರಡು ತಿಂಗಳ ಹಿಂದೆ ಒಂದು ಬೈಕು ಅವರ ಮೈಗೆ ಸವರಿಕೊಂಡು ಹೋಗಿ, ಬುಟ್ಟಿ ಉರುಳಿ ಎಲೆಯೆಲ್ಲ ಧೂಳಿಗೆ ಬಿದ್ದಿತ್ತು. ಬೈಕಿನವನು ತಿರುಗಿ ನೋಡಿ ‘ಸಾರಿ’ ಎಂದನಂತೆ, ನಿಲ್ಲಲಿಲ್ಲವಂತೆ. ಅಂದು ಎಲೆ ಹೋಯಿತು, ನಾಳೆ ನಾನೇ ಹೋದರೆ ಎಂದು ಜೈತುನಬಿ ಪುರಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ದಾದಾಪೀರ ತನ್ನ ಚಪ್ಪರದ ಕೆಳಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ನೋಟುಬುಕ್ಕಿನಲ್ಲಿ ಗೆರೆ ಎಳೆದು ‘ನಿಂತವು’, ‘ನಿಲ್ಲದವು’ ಎಂದು ಎರಡು ಸಾಲು ಮಾಡಿಕೊಂಡು ಕೂತೆ. ಕೂತು ಕಾಯುವುದರಲ್ಲಿ ನನಗಿರುವಷ್ಟು ಅನುಭವ ಊರಿನಲ್ಲಿ ಇನ್ನೊಬ್ಬರಿಗಿಲ್ಲ.

ಕಾಯುವಾಗ ಮನಸ್ಸು ಸುಮ್ಮನಿರುತ್ತದೆಯೇ? ಮನುಷ್ಯ ಯಾತಕ್ಕೆ ನಿಲ್ಲುತ್ತಾನೆ ಎಂದು ಯೋಚಿಸತೊಡಗಿದೆ. ಅಮಾವಾಸ್ಯೆಯ ಮರುದಿನ ಇದೇ ನಾಲ್ಕು ದಾರಿಯ ನಡುವೆ ಯಾರೋ ದೃಷ್ಟಿ ತೆಗೆದು ಎಸೆದ ನಿಂಬೆಹಣ್ಣು ಬಿದ್ದಿರುತ್ತದೆ. ಅದನ್ನು ಕಂಡರೆ ಎಂಥ ಭಂಡನೂ ಬ್ರೇಕು ಒತ್ತಿ, ಸುತ್ತು ಹಾಕಿ, ಮೆಲ್ಲಗೆ ಹೋಗುತ್ತಾನೆ. ಹಾಗಾದರೆ ನಾಲ್ಕೂ ದಿಕ್ಕಿಗೆ ದಿನಕ್ಕೊಂದು ನಿಂಬೆಹಣ್ಣು ಇಟ್ಟರೆ ಸಾಲದೇ? ಹಾನಗಲ್ಲಿನಲ್ಲಿದ್ದಾಗ ಒಂದು ರವಿವಾರ ಆಡೂರಿಗೆ ಹೋಗಿ ಹಳೆಯ ಶಾಸನ ನೋಡಿದ್ದೆ. ಓದಲು ಬರಲಿಲ್ಲ, ಬರುವವರ ಹಾಗೆ ತಲೆಯಾಡಿಸಿದ್ದೆ. ಇಂಥ ಕಲ್ಲುಗಳ ಕೊನೆಗೆ ಎಷ್ಟೋ ಸಲ, ಇದನ್ನು ಮೀರಿದವನಿಗೆ ಕಾಶಿಯಲ್ಲಿ ಹಸುಗಳನ್ನು ಕೊಂದ ಪಾಪ ಬರಲಿ ಎಂದು ಶಾಪ ಬರೆದಿರುತ್ತದೆಂದು ಜೊತೆಗಿದ್ದ ಮಾಸ್ತರರು ಹೇಳಿದರು. ಆಗಿನವರಿಗೆ ಬರೀ ಅಪ್ಪಣೆ ಸಾಲದೆಂದು ಗೊತ್ತಿತ್ತು. ನಮ್ಮ ಬೋರ್ಡಿನಲ್ಲಿ ಶಾಪಕ್ಕೆ ಜಾಗ ಬಿಟ್ಟಿಲ್ಲ.

ಇನ್ನೊಂದು ನೆನಪು ಗೊಟಗೋಡಿಯದು. ಶಿಗ್ಗಾವಿಯಲ್ಲಿದ್ದಾಗ ಅಲ್ಲಿನ ರಾಕ್ ಗಾರ್ಡನ್ನಿಗೆ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರನ್ನು ಕಂಡು ನಿಂತು, “ನಮಸ್ಕಾರ್ರಿ, ಹೊರಗ ಹೋಗೂ ದಾರಿ ಯಾವುದ್ರಿ?” ಎಂದು ಕೇಳಿದ್ದೆ. ಅವರು ಸಿಮೆಂಟಿನವರು. ನನ್ನ ಹೆಂಡತಿ ಅಂದು ನಕ್ಕದ್ದು ಇನ್ನೂ ಪೂರ್ತಿ ಮುಗಿದಿಲ್ಲ.

ಹಾಗೆ ನಿಂತು ಕೇಳುವುದು ನನ್ನೊಬ್ಬನ ಚಾಳಿಯಲ್ಲ, ಇಡೀ ಊರಿನದು ಎಂಬುದು ಮೊದಲನೇ ದಿನವೇ ಕಾಣಿಸಿತು. ಪರಿಚಯದವರು ಕೂತಿರುವುದನ್ನು ಕಂಡೂ ಮಾತಾಡಿಸದೆ ಹೋಗುವುದೆಂದರೆ ನಮ್ಮಲ್ಲಿ ಅಪರಾಧಕ್ಕೆ ಹತ್ತಿರದ ಸಂಗತಿ. ಬೈಕು ಬರುತ್ತಿತ್ತು, ನಿಲ್ಲುತ್ತಿತ್ತು. “ಏನ್ರಿ ಸಾಹೇಬ್ರ, ಇಲ್ಯಾಕ ಕುಂತೀರಿ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?” ಆರಾಮ ಎನ್ನುತ್ತಿದ್ದೆ. ‘ನಿಂತವು’ ಎಂಬಲ್ಲಿ ಗೆರೆ ಹಾಕುತ್ತಿದ್ದೆ. ಹಿಂದಿನಿಂದ ಟಂಟಂ ಬರುತ್ತಿತ್ತು. ಮುಂದಿನ ಬೈಕು ನಿಂತದ್ದರಿಂದ ಅದೂ ನಿಲ್ಲುತ್ತಿತ್ತು, ನಿಂತ ಮೇಲೆ ಅವನೂ ಆರಾಮವೇ ಎಂದು ಕೇಳುತ್ತಿದ್ದ. ಇನ್ನೊಂದು ಗೆರೆ. ಪರ ಊರಿನ ಸಾಮಾನಿನ ಗಾಡಿಯೊಂದು ಮಾತ್ರ ನಿಲ್ಲದೆ ಹೋಯಿತು. ಕೊನೆಗೂ ಒಬ್ಬ ಸಿಕ್ಕನೆಂದು ನಾನು ಉತ್ಸಾಹದಿಂದ ಪೆನ್ನು ಎತ್ತುವಷ್ಟರಲ್ಲಿ ಅವನು ಹಿಂದಕ್ಕೆ ಬಂದು, ಬಂಕಾಪುರಕ್ಕೆ ಹೋಗುವುದು ಹೇಗೆಂದು ಕೇಳಿದ. ಅವನನ್ನು ಯಾವ ಸಾಲಿಗೆ ಹಾಕುವುದೆಂದು ಬಹಳ ಹೊತ್ತು ಯೋಚಿಸಿ ನಿಂತವರಿಗೇ ಸೇರಿಸಿದೆ.

ಜೈತುನಬಿಯೂ ಮುಂಜಾನೆ ಸಂಜೆ ತಪ್ಪದೆ ಬರುತ್ತಿದ್ದರು. ಅಂಗಡಿಯ ಅಂಚಿಗೆ ಬಂದು ನಿಂತು, ಮುಖ ನೆಟ್ಟಗೆ ಮುಂದಕ್ಕೇ ಇಟ್ಟುಕೊಂಡು, “ಸಾಹೇಬ್ರ, ಗಾಡಿ ಬಂತೇನ್ರಿ?” ಎನ್ನುತ್ತಿದ್ದರು. ನಾನು ಆ ಕಡೆ ಈ ಕಡೆ ನೋಡಿ “ಬರ್ರಿ” ಎನ್ನುತ್ತಿದ್ದೆ. ಅವರು ದಾಟುತ್ತಿದ್ದರು. ನಾನು ಬರೆಯುತ್ತಿದ್ದೆ: ‘ಜೈತುನಬಿ ದಾಟಿದರು. ತೊಂದರೆ ಇಲ್ಲ.’ ಮೂರು ದಿನಗಳಲ್ಲಿ ಆರು ಸಲ ಹೀಗೆ ಬರೆದೆ.

ನಾಲ್ಕನೇ ದಿನ ಪುರಸಭೆಗೆ ವರದಿ ಕೊಟ್ಟೆ. ನಮ್ಮ ಓಣಿಯ ಜನ ಸುಶಿಕ್ಷಿತರು, ನಾಲ್ಕೂ ದಿಕ್ಕಿನ ವಾಹನಗಳು ತಾವಾಗಿಯೇ ನಿಂತು ಹೋಗುತ್ತವೆ, ಪಾದಚಾರಿಗಳಿಗೆ ಯಾವ ತೊಂದರೆಯೂ ಇಲ್ಲ, ಆದ್ದರಿಂದ ಬೋರ್ಡಿನ ಅವಶ್ಯಕತೆ ಇಲ್ಲ. ಅಕ್ಷರ ದುಂಡಗೆ ಬಂದಿತ್ತು. ಅಂದು ರಾತ್ರಿಯ ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನ ನಾವಿಬ್ಬರೂ ಹಿರೇಕೆರೂರಿಗೆ ನನ್ನ ನಾದಿನಿಯ ಮಗಳ ಕುಬಸದ ಕಾರ್ಯಕ್ಕೆ ಹೋದೆವು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಗದ್ದಲದಲ್ಲಿ ಗಂಡಸರಿಗೇನು ಕೆಲಸ? ನಾನು ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡು ನನ್ನ ವರದಿಯ ವಿಷಯ ಹೇಳಿದೆ. ಅದರಲ್ಲಿ ಇಬ್ಬರಿಗೆ ನಿದ್ದೆ ಬಂತು.

ಸಂಜೆ ತಿರುಗಿ ಬಂದರೆ ದಾದಾಪೀರನ ಒಲೆ ಆರಿತ್ತು. ಅವನು ಒಲೆ ಆರಿಸುವ ಹೊತ್ತಲ್ಲ ಅದು. “ಸಾಹೇಬ್ರ, ಮುಂಜಾನಿ ಜೈತುನಬಿಗೆ ಬೈಕ್ ಬಡೀತ್ರಿ” ಎಂದ. “ದೊಡ್ಡದೇನಾಗಿಲ್ಲ. ಕೈ ಮುರದೈತಿ ಅಷ್ಟ. ನಾ ಒಳಗ ಹಿಟ್ಟು ಕಲಸಾಕತ್ತಿದ್ದೆ.” ಕೈ ಮುರಿಯುವುದು ದೊಡ್ಡದಲ್ಲವೇ ಎಂದುಕೊಂಡು ಚಪ್ಪರದ ಕೆಳಗೆ ನೋಡಿದೆ. ನನ್ನ ಕುರ್ಚಿ ಇದ್ದಲ್ಲೇ ಇತ್ತು.

ಹೆಂಡತಿಯನ್ನು ಮನೆಗೆ ಕಳಿಸಿ ನೇರವಾಗಿ ಜೈತುನಬಿಯ ಮನೆಗೆ ಹೋದೆ. ಎಡಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಅವರು ಮಂಚದ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲು ನೋಡಿ, “ಬರ್ರಿ ಸಾಹೇಬ್ರ, ಕುಂದರ್‍ರಿ” ಎಂದರು. ಬೈಯುತ್ತಾರೆಂದು ಸಿದ್ಧನಾಗಿ ಹೋಗಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಹ್ಯಾಂಗಾತ್ರಿ?” ಎಂದೆ.

“ನಂದ ತಪ್ಪ್ರಿ” ಎಂದರು ಜೈತುನಬಿ. “ದಿನಾ ಕೇಳ್ದಂಗ ಕೇಳಿದೆ, ‘ಸಾಹೇಬ್ರ, ಗಾಡಿ ಬಂತೇನ್ರಿ’ ಅಂತ. ನೀವು ಏನೂ ಅನ್ನಲಿಲ್ಲ. ಗಾಡಿ ಇದ್ದಿದ್ರ ‘ನಿಂದರ್‍ರಿ’ ಅಂತಿದ್ರಿ, ಸುಮ್ಮನ ಕುಂತಾರಂದ್ರ ಗಾಡಿ ಇಲ್ಲ ಅಂತ ತಿಳಕೊಂಡು ಕಾಲಿಟ್ಟೆ.”

“ನಾ ಅಲ್ಲಿ ಇರಲಿಲ್ಲಲ್ರಿ.”

“ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ತಲಿಮ್ಯಾಲ ಬುಟ್ಟಿ ಇದ್ದಾಗ ಕುತ್ತಿಗಿ ಹೊಳ್ಳಸಾಕ ಬರಂಗಿಲ್ಲ. ಕುರ್ಚಿ ಅಂಚು ಒಂದು ಕಂಡಿತ್ತು. ನೀವ ಇದ್ದೀರಿ ಅಂತ ತಿಳದೆ.”

ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ನೋಟುಬುಕ್ಕು ತೆರೆದು ಕೂತೆ. ತೊಂದರೆ ಇಲ್ಲ, ತೊಂದರೆ ಇಲ್ಲ, ಆರು ಸಲ. ತಲೆಯ ಮೇಲೆ ಭಾರ ಹೊತ್ತವರಿಗೆ ಎಡಬಲ ನೋಡಲಾಗುವುದಿಲ್ಲ ಎಂಬಷ್ಟು ಚಿಕ್ಕ ಸಂಗತಿ ಮೂರು ದಿನ ಎದುರಿಗೇ ನಿಂತು ಕೇಳಿದರೂ ನನಗೆ ಹೊಳೆದಿರಲಿಲ್ಲ. ಅವರ ಕಣ್ಣಿನ ಕೆಲಸವನ್ನು ನಾನು ಮಾಡಿ, ಅವರಿಗೆ ತೊಂದರೆಯೇ ಇಲ್ಲವೆಂದು ನಾನೇ ಬರೆದಿದ್ದೆ. ಗಾಡಿಗಳೂ ಅಷ್ಟೇ. ಅವು ರಸ್ತೆ ನೋಡಿ ನಿಂತಿರಲಿಲ್ಲ, ನನ್ನ ಮುಖ ನೋಡಿ ನಿಂತಿದ್ದವು. ಊರನ್ನೆಲ್ಲ ಎಣಿಸಿದವನು ಕುರ್ಚಿಯಲ್ಲಿ ಕೂತ ಒಬ್ಬನನ್ನು ಎಣಿಸುವುದನ್ನು ಮರೆತಿದ್ದೆ. ನಾಚಿಕೆಯಾಯಿತು, ಬೇರೆ ಮಾತಿಲ್ಲ.

ಮರುದಿನ ಹೊಸ ವರದಿ ಬರೆದೆ. ಹಿಂದಿನದು ತಪ್ಪು, ನಾನು ಅಲ್ಲಿ ಕೂತಿದ್ದರಿಂದಲೇ ಎಲ್ಲರೂ ನಿಂತರು, ನಾಲ್ಕೂ ದಿಕ್ಕಿಗೆ ಬೋರ್ಡು ಬೇಕು, ತಗಡಿನ ಚಪ್ಪರವೂ ಹಿಂದೆ ಸರಿಯಬೇಕು. ಸದಸ್ಯೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, “ಎರಡ ದಿನದಾಗ ನಮ್ಮ ಓಣಿ ಜನ ಇಷ್ಟು ಕೆಟ್ರೇನ್ರಿ?” ಎಂದರು. ಇಲ್ಲ, ನಾನು ಕುಬಸಕ್ಕೆ ಹೋಗಿದ್ದೆ ಎಂದೆ. ಚಪ್ಪರದ ವಿಷಯವನ್ನು ದಾದಾಪೀರನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದರೆ, ಅವನು ಆಗಲೇ ಏಣಿ ಹತ್ತಿ ತಗಡಿನ ಮೊಳೆ ಕೀಳುತ್ತಿದ್ದ.

ಬೋರ್ಡುಗಳು ಬಂದವು. ಕೆಂಪಗೆ, ಎಂಟು ಮೂಲೆಯವು, ಮೇಲೆ ದಪ್ಪಗೆ ‘ನಿಲ್ಲಿ’. ಮೊದಲನೇ ವಾರ ಎಲ್ಲರೂ ನಿಂತರು, ಬೋರ್ಡು ಯಾವಾಗ ಬಂತೆಂದು ಕೇಳಲು. ಈಗ ಹೆಚ್ಚಿನವರು ನಿಲ್ಲುತ್ತಾರೆ, ಕೆಲವರು ನಿಂತಂತೆ ಮಾಡುತ್ತಾರೆ, ಒಬ್ಬಿಬ್ಬರು ಅದನ್ನು ಬೇರೆಯವರಿಗೆ ಬರೆದದ್ದೆಂದು ತಿಳಿದು ಹೋಗುತ್ತಾರೆ. ಗೊಟಗೋಡಿಯಿಂದ ನನ್ನ ಹಾಗಿನದೊಂದು ಸಿಮೆಂಟಿನ ಬೊಂಬೆ ತಂದು ಕೂರಿಸಿದರೆ ಅವರೂ ನಿಂತಾರು ಎಂಬುದು ನನ್ನ ಹೆಂಡತಿಯ ಸಲಹೆ. ಅದಕ್ಕೂ ನನಗೂ ಬಹಳ ವ್ಯತ್ಯಾಸ ಕಾಣುವುದಿಲ್ಲವಂತೆ.

ಜೈತುನಬಿಯ ಪ್ಲಾಸ್ಟರು ತೆಗೆದು ಹದಿನೈದು ದಿನವಾಯಿತು. ಬುಟ್ಟಿ ಮತ್ತೆ ತಲೆಗೇರಿದ ಮೊದಲ ಮುಂಜಾನೆ ನಾನು ಕುರ್ಚಿಯಲ್ಲಿದ್ದೆ. ಅವರು ಬಂದು ಅಂಚಿಗೆ ನಿಂತರು. ಈ ಸಲ ಮೊದಲು ಕೇಳಿದ್ದು ಬೇರೆ.

“ಸಾಹೇಬ್ರ, ಅದೀರೇನ್ರಿ?”

“ಅದೇನಿ.”

“ಬೋರ್ಡ್ ಬಂದೈತಲ್ರಿ, ಇನ್ನ ನೀವ್ಯಾಕ ಕುಂತೀರಿ? ಮನಿಗೆ ಹೋಗ್ರಿ.”

“ಅದು ಅವರಿಗೆ ‘ನಿಲ್ಲಿ’ ಅಂತದ. ನಿಮಗ ‘ಬರ್ರಿ’ ಅನ್ನೂದು ಅದಕ್ಕ ಬರಂಗಿಲ್ಲಲ್ರಿ” ಎಂದೆ.

ಅವರು ನಕ್ಕರೆಂದು ಕಾಣುತ್ತದೆ, ಬುಟ್ಟಿ ಸ್ವಲ್ಪ ಅಲುಗಿತು. ನಾನು ಎದ್ದು ನಿಂತು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಮೂವತ್ತೊಂದು ವರ್ಷ ಬಸ್ಸು ಹೋದ ಮೇಲೆ ಸಾರುತ್ತಿದ್ದವನು, ಈಗ ಅವರು ಕಾಲಿಡುವ ಮೊದಲೇ, ಮೈಕಿಲ್ಲದೆ, “ಬರ್ರಿ” ಎಂದೆ.