ಅಕ್ಕನ ಸಂಡಿಗೆ, ನಮ್ಮ ಸೂಜಿಪಟ್ಟಿ

ಆ ದಿನ ಬೆಳಿಗ್ಗೆಯೂ ಅಕ್ಕನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದ್ದು ನಾನೇ. ಸಿರಿಂಜಿನ ಮೇಲಿನ ಗೆರೆಗಳು ಅವಳಿಗೆ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪದ ಎರಡು ಕೋಣೆಯ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅವಳು ಮದುವೆಯಾಗಿರಲಿಲ್ಲ, ನಾನೂ ಆಗಲಿಲ್ಲ. ಸೂಜಿ ಕಂಡರೆ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

"ನಿಮ್ಮ ಪಟ್ಟಿ ಬರೂದ್ರಾಗ ನನ್ನ ಹೊಟ್ಟಿ ಜರಡಿ ಆಗತೈತಿ ನೋಡ ತಮ್ಮಾ."

"ಬರತೈತಿ ತಡೀಯಕ್ಕಾ."

"ಹೋದ ವರ್ಷಾನೂ ಹಿಂಗ ಅಂದಿದ್ದಿ. ಚುಚ್ಚ ಲಗೂ."

ನಾನು ಓದಿದ್ದು ಪಿಯುಸಿ. ಧಾರವಾಡದ ಒಂದು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕ. ಅಲ್ಲಿಯ ಮೇಡಂ ಒಬ್ಬರು ಉಗುರಿನಷ್ಟು ಅಗಲದ ಒಂದು ಪಟ್ಟಿ ಮಾಡುತ್ತಿದ್ದಾರೆ. ಅದರ ಮೈತುಂಬ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸೂಜಿಗಳು. ಚರ್ಮಕ್ಕೆ ಒತ್ತಿದರೆ ಸೂಜಿಗಳು ಒಳಗೇ ಕರಗಿ ಔಷಧ ಬಿಡಬೇಕು, ನೋವಾಗಬಾರದು. ಆಗಿನ್ನೂ ಔಷಧದ ಬದಲು ನೀಲಿ ಬಣ್ಣ ಹಾಕಿ ನೋಡುತ್ತಿದ್ದೆವು. ರಬ್ಬರಿನಂಥ ಅಚ್ಚಿನ ಕುಳಿಗಳಿಗೆ ಗಂಜಿಯಷ್ಟು ಮಂದವಾದ ದ್ರಾವಣ ಸುರಿದು, ಯಂತ್ರದಲ್ಲಿಟ್ಟು ತಿರುಗಿಸಿ, ಒಣಗಿಸಿ, ಬಿಡಿಸಬೇಕು. ಬಿಡಿಸುವ ಕೆಲಸ ನನ್ನದು. ಚಿಮಟದಿಂದ ಪಟ್ಟಿಯ ಅಂಚು ಹಿಡಿದು ಎಳೆದಾಗಲೆಲ್ಲ ಸೂಜಿಗಳ ತುದಿ ಮುರಿದು ಅಚ್ಚಿನಲ್ಲೇ ಉಳಿಯುತ್ತಿತ್ತು. ತಿಂಗಳುಗಟ್ಟಲೆ ಹೀಗೇ ಆಯಿತು.

ಆ ದಿನಕ್ಕೂ ಹಿಂದಿನ ಭಾನುವಾರ ಅಕ್ಕ ಮಾಳಿಗೆಯ ಮೇಲೆ ಹಳೆಯ ಧೋತರದಿಂದ ಸಂಡಿಗೆ ಬಿಡಿಸುತ್ತಿದ್ದಳು. ನಾನೂ ಕೈಹಚ್ಚಿದೆ. ನಾಲ್ಕು ಸಂಡಿಗೆ ಮುರಿದೆ.

"ಲ್ಯಾಬಿನಾಗ ಹಿಂಗ ಬಿಡಸೂದಕ್ಕ ಪಗಾರ ಕೊಡತಾರೇನ ನಿಂಗ? ಸಂಡಗಿ ಹಿಡದ ಎಳೀಬ್ಯಾಡೋ. ಸಂಡಗಿ ಇದ್ದಲ್ಲೇ ಇರಲಿ, ಅರಬಿ ಎಳಿ."

ಅವಳು ಬಟ್ಟೆಯನ್ನು ಬೆರಳಿನ ಮೇಲೆ ಹಿಂದಕ್ಕೆ ಮಡಚಿದಳು. ಸಂಡಿಗೆ ತಾನಾಗಿ ಎದ್ದು ಬಂತು.

ಆ ದಿನ ಲ್ಯಾಬಿನಲ್ಲಿ ಅದನ್ನೇ ಮಾಡಿದೆ. ಪಟ್ಟಿಯ ಬೆನ್ನನ್ನು ಟೇಪಿನಿಂದ ಮೇಜಿಗೆ ಅಂಟಿಸಿ, ಅಚ್ಚನ್ನು ಮೆಲ್ಲಗೆ ಹಿಂದಕ್ಕೆ ಮಡಚುತ್ತ ಹೋದೆ. ಮೇಡಂ ಆ ಪಟ್ಟಿಯನ್ನು ಮೇಣದ ಹಾಳೆಗೆ ಒತ್ತಿ ತೆಗೆದರು. ಸಾಲುಸಾಲಾಗಿ ನೀಲಿ ಚುಕ್ಕೆಗಳು. ಒಂದೂ ತಪ್ಪಿರಲಿಲ್ಲ.

"ಯಾರ ಕಲಿಸಿದ್ರಿ ಇದನ್ನ?"

"ನಮ್ಮಕ್ಕರೀ. ಸಂಡಗಿ ಹಿಂಗ ಬಿಡಸ್ತಾಳ."

"ಹಂಗಾರ ಒಂದಿನ ಕರ್ಕೊಂಡ ಬರ್ರಿ ಅವರನ್ನ. ಹುಡುಗರಿಗೆ ಪಾಠ ಹೇಳಲಿ."

ಫೋನ್ ಜೇಬಿನಲ್ಲೇ ಇತ್ತು. ಆಗಲೇ ಅಕ್ಕನಿಗೆ ಹೇಳಬಹುದಿತ್ತು. ಸಂಜೆ ಊಟಕ್ಕೆ ಕೂತಾಗ ಹೇಳಿದರೆ ಅವಳ ಮುಖ ನೋಡಬಹುದು ಎಂದು ಸುಮ್ಮನಾದೆ. ಆ ಹಾಳೆಯನ್ನು ಕೇಳಿ ಪಡೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಮೂರು ಗಂಟೆಗೆ ಪಕ್ಕದ ಮನೆಯ ಹೆಂಗಸಿನ ಫೋನ್ ಬಂತು. "ಅಣ್ಣಾರ, ಲಗೂ ಬರ್ರಿ. ಅಕ್ಕಾರು ಅಡಗಿಮನ್ಯಾಗ ಬಿದ್ದಾರ. ದವಾಖಾನಿಗೆ ಒಯ್ಯಾಕತ್ತೇವಿ."

ಬಸ್ಸು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿತು ಎಂದರು ಡಾಕ್ಟರು. ಹಾಳೆ ಜೇಬಿನಲ್ಲಿ ಇದ್ದದ್ದು ನನಗೆ ನೆನಪಾದದ್ದು ಮೂರನೆಯ ದಿನ, ಅಂಗಿ ಒಗೆಯುವಾಗ. ಅಷ್ಟರಲ್ಲಿ ಅದು ಮುದುಡಿ, ನೀಲಿ ಚುಕ್ಕೆಗಳೆಲ್ಲ ನೀರಿನಲ್ಲಿ ಕರಗಿ ಹೋಗಿದ್ದವು.

ಈಗಲೂ ಬೆಳಿಗ್ಗೆ ಏಳು ಗಂಟೆಗೆ ಕೈ ಫ್ರಿಜ್ಜಿನ ಬಾಗಿಲಿಗೆ ಹೋಗುತ್ತದೆ. ಅರ್ಧ ಉಳಿದ ಇನ್ಸುಲಿನ್ ಬಾಟಲಿ ಅಲ್ಲೇ ಇದೆ, ಎಸೆದಿಲ್ಲ. ಡಬ್ಬಿಯಲ್ಲಿ ಅವಳ ಸಂಡಿಗೆಗಳೂ ಇವೆ. ಒಬ್ಬನಿಗಾಗಿ ಎಣ್ಣೆ ಕಾಯಿಸಲು ಮನಸ್ಸು ಬರುವುದಿಲ್ಲ. ಲ್ಯಾಬಿನಲ್ಲಿ ಹುಡುಗರೆಲ್ಲ ಈಗ ಅಚ್ಚನ್ನೇ ಮಡಚಿ ಪಟ್ಟಿ ಬಿಡಿಸುತ್ತಾರೆ. ಹೊಸಬರು ಚಿಮಟ ಹಿಡಿದರೆ, "ಸಂಡಗಿ ಬಿಡಸಿದಂಗ ಬಿಡಸ್ರಿ" ಎಂದು ಮೇಡಂ ಕೂಗುತ್ತಾರೆ. ನಾನು ತಲೆ ಎತ್ತುವುದಿಲ್ಲ.

ಪಟ್ಟಿಯಲ್ಲಿ ಇನ್ನೂ ನೀಲಿ ಬಣ್ಣವೇ ಇದೆ, ಇನ್ಸುಲಿನ್ ಹಾಕಿಲ್ಲ. ಅದು ಯಾವಾಗ ಬರುತ್ತದೆಂದು ಮನೆಯಲ್ಲಿ ಕೇಳುವವರು ಇಲ್ಲ.